ಅರವತ್ತಕ್ಕೆ ಗೆಳತಿಯರ ಜೊತೆ ಎರಡು ದಿನ

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಈ ಮೇ 31ಕ್ಕೆ ನಿವೃತ್ತಿ. ದಾಖಲೆಯಲ್ಲಿ ನನ್ನ ಜನ್ಮದಿನ 1-6-1966. ಆದರೆ ಆಯಿ ಹೇಳುತ್ತಿದ್ದದ್ದು ಪರಾಭವ ಸಂವತ್ಸರ, ತುಳಸಿ ಮದುವೆಯ ಮರುದಿನ ಎಂದು. ಹೈಸ್ಕೂಲಿನಿಂದ ಇಂದಿನವರೆಗೂ ಜೊತೆಗಿರುವ ಗೆಳತಿಯರು ನಾವು ಏಳು ಜನ. ಒಬ್ಬಳು ಮುಂಬೈಯಲ್ಲಿ, ಒಬ್ಬಳು ಹುಬ್ಬಳ್ಳಿಯಲ್ಲಿ, ಉಳಿದವರೆಲ್ಲ ಅಂಕೋಲೆಗೂ ಯಲ್ಲಾಪುರಕ್ಕೂ ನಡುವೆ. ಎಲ್ಲರಿಗೂ ಈಗ ಅರವತ್ತರ ಆಸುಪಾಸು. ಎರಡು ದಿನ ಎಲ್ಲಾದರೂ ಹೋಗಿ ಇದ್ದು ಬರೋಣ ಎಂದು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬರೆದೆ. ಗೊಂದಲ ಶುರುವಾದದ್ದೇ ಅಲ್ಲಿಂದ. ಮುಂಬೈಯವಳು ಗೋವಾ ಎನ್ನುತ್ತಾಳೆ, ತಲೆಗೆ ಆರು ಸಾವಿರವಂತೆ. ದುಡ್ಡಿನ ಮಾತು ಬಂದಮೇಲೆ ಒಬ್ಬಳು ಗುಂಪಿನಲ್ಲಿ ತುಟಿ ಬಿಚ್ಚಿಲ್ಲ. ಹೊಳೆಯಾಚೆಯವಳಿಗೆ ಹಾಸಿಗೆ ಹಿಡಿದ ಅತ್ತೆ. ಇನ್ನೊಬ್ಬಳ ಯಜಮಾನರು ಎರಡು ವರ್ಷದ ಹಿಂದೆ ತೀರಿಕೊಂಡರು, ಅವಳು "ಇಂಥದ್ದಕ್ಕೆಲ್ಲ ನಾನ್ಯಾಕೆ, ನೀವು ಹೋಗಿ ಬನ್ನಿ" ಎನ್ನುತ್ತಾಳೆ. ಇತ್ತ ಬೆಂಗಳೂರಿನ ಮಗ ಜೂನ್ 1ಕ್ಕೆ ಗೋಕರ್ಣದ ರೆಸಾರ್ಟಿನಲ್ಲಿ ಪಾರ್ಟಿ ಇಟ್ಟುಕೊಂಡು ನೆಂಟರನ್ನೆಲ್ಲ ಕರೆಯೋಣ ಎಂದು ಹಟ ಹಿಡಿದಿದ್ದಾನೆ. ನಮ್ಮನೆಯವರದು ಮೂರು ವರ್ಷದ ಹಿಂದೆ ಷಷ್ಟ್ಯಬ್ದಿ ಆಯಿತು, ಮುನ್ನೂರು ಜನ ಉಂಡರು. "ನನ್ನದು ಆದಾಗ ನಿನ್ನದೂ ಆದಹಾಗೇ ಅಲ್ಲವೇ" ಎನ್ನುತ್ತಾರೆ. ಈ ವಯಸ್ಸಿನಲ್ಲಿ ಮನೆಯವರನ್ನು ಬಿಟ್ಟು ಗೆಳತಿಯರ ಜೊತೆ ಹುಟ್ಟುಹಬ್ಬ ಎಂದರೆ ಊರವರು ಏನೆಂದಾರು? ಸುಮ್ಮನಿದ್ದುಬಿಡಲೇ?

— ಓದುಗರು, ರಾಮನಗುಳಿ ಸಮೀಪ, ಅಂಕೋಲಾ ತಾಲೂಕು (ಹೆಸರು ಬೇಡವೆಂದಿದ್ದಾರೆ)

ಉತ್ತರ: ಅಕ್ಕೋರೇ, ಸುಮ್ಮನಿರಬೇಡಿ. ಉಳಿದದ್ದನ್ನು ಸಾವಕಾಶ ಮಾತಾಡೋಣ.

ಮೊದಲು ತಾರೀಖಿನ ಗಂಟು ಬಿಡಿಸೋಣ, ಅದು ಸುಲಭದ್ದು. ಜೂನ್ 1ಕ್ಕೆ ಹುಟ್ಟಿದವರು ನಮ್ಮಲ್ಲಿ ಎಷ್ಟು ಜನವೆಂದರೆ, ಆ ದಿನ ಬೆಳಗ್ಗೆ ನಿಮ್ಮ ವಯಸ್ಸಿನವರ ಯಾವ ವಾಟ್ಸಾಪ್ ಗುಂಪು ತೆರೆದರೂ ಸಾಲುಸಾಲು ಕೇಕಿನ ಚಿತ್ರ. ಮಗುವನ್ನು ಶಾಲೆಗೆ ಸೇರಿಸಲು ಬಂದ ಅಪ್ಪನಿಗೆ ತಾರೀಖು ನೆನಪಿಲ್ಲ, ಹೆಡ್‌ಮಾಸ್ತರರು ವಯಸ್ಸು ಹೊಂದುವ ಹಾಗೆ ಶಾಲೆ ಶುರುವಾಗುವ ದಿನವನ್ನೇ ಬರೆದು ಮುಗಿಸಿದರು. ದಾಖಲಾತಿ ಪುಸ್ತಕ ಬರೆದೇ ಸರ್ವಿಸು ಕಳೆದ ನಿಮಗೆ ಇದನ್ನು ನಾನು ಹೇಳಬೇಕಿಲ್ಲ. 2022ರ ಆಗಸ್ಟ್ 3ರಂದು ದಾವಣಗೆರೆಯಲ್ಲಿ ಭಾರಿ ಜನಸಾಗರದ ನಡುವೆ ಸಿದ್ದರಾಮಯ್ಯನವರ 75ನೇ ಹುಟ್ಟುಹಬ್ಬ ನಡೆಯಿತಲ್ಲ, ಆ ತಾರೀಖೂ ಶಾಲೆಯ ಮೇಷ್ಟ್ರು ಬರೆಸಿದ್ದೇ ಎಂದು ಅವರೇ ಹೇಳಿಕೊಂಡಿದ್ದಾರೆ. ಮೇಷ್ಟ್ರ ತಾರೀಖಿಗೆ ಅಷ್ಟು ದೊಡ್ಡ ಹಬ್ಬ ಆಗಬಹುದಾದರೆ, ಆಯಿ ಹೇಳಿದ ತಿಥಿಗೆ ಒಂದು ಸಣ್ಣ ಹಬ್ಬ ಧಾರಾಳವಾಗಿ ಆಗಬಹುದು.

ಸರ್ಕಾರಕ್ಕೆ ಮಾತ್ರ ಜೂನ್ 1ನ್ನು ಬಿಟ್ಟುಕೊಡಿ. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬುದು ನಿಯಮ. ಆಯಿಯ ಲೆಕ್ಕ ಹಿಡಿದರೆ ಇಲಾಖೆ ನಿಮ್ಮನ್ನು ಐದು ತಿಂಗಳಿಗೂ ಮೊದಲೇ ಮನೆಗೆ ಕಳಿಸುತ್ತಿದೆ. ಆ ದಿನಕ್ಕೆ ಶಾಲು, ಹಾರ, ಫಲತಾಂಬೂಲ, ಮಕ್ಕಳ ಸ್ವಾಗತಗೀತೆ, ಎಸ್‌ಡಿಎಂಸಿಯವರ ಭಾಷಣ ಎಲ್ಲ ಇರಲಿ. ಅದು ಅಕ್ಕೋರ ದಿನ. ಹುಟ್ಟುಹಬ್ಬವನ್ನು ಅದರೊಳಗೆ ತುರುಕಬೇಡಿ.

ಜೂನ್ 1 ಬೇಡವೆನ್ನಲು ಇನ್ನೂ ಎರಡು ಕಾರಣಗಳಿವೆ. ಈ ವರ್ಷ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಅಧಿಕಮಾಸದಲ್ಲಿ ಸಂಭ್ರಮ ಬೇಡವೆನ್ನುವ ಹಿರಿಯರು ನೆಂಟರಲ್ಲಿ ಇದ್ದೇ ಇರುತ್ತಾರೆ. ಮಗನಿಗೆ ಇದು ಹೊಳೆದಿರಲಿಕ್ಕಿಲ್ಲ. ನಾನು ಅಧಿಕಮಾಸಕ್ಕೆ ಹೆದರುವವಳಲ್ಲ, ಆದರೆ ಮಗನ ಹಟ ಇಳಿಸಲು ಪಂಚಾಂಗವೇ ಕೈಗೆ ಕೊಟ್ಟ ಕಾರಣವನ್ನು ಬಿಡುವವಳೂ ಅಲ್ಲ. ಎರಡನೆಯದು ಮಳೆ. ಮುಂಗಾರು ಕೇರಳ ಮುಟ್ಟುವ ವಾಡಿಕೆಯ ತಾರೀಖೂ ಜೂನ್ 1. ಅಲ್ಲಿಂದ ನಿಮ್ಮ ಹೊಳೆಗೆ ಹೆಚ್ಚು ದೂರವಿಲ್ಲ. "ಜೂನ್ ಆಗದಿದ್ದರೆ ಜುಲೈ" ಎಂದು ಯಾರಾದರೂ ಅಂದರೆ ಒಪ್ಪಬೇಡಿ. 2019ರ ಆಗಸ್ಟಿನ ನೆರೆಯಲ್ಲಿ ಗಂಗಾವಳಿ ರಾಮನಗುಳಿಯ ತೂಗುಸೇತುವೆಯನ್ನೇ ಒಯ್ದದ್ದನ್ನು ನೀವು ಕಂಡವರು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆಯೇ ಕುಸಿಯಿತು. ಆ ತಿಂಗಳುಗಳಲ್ಲಿ ಗೆಳತಿಯರು ಹೊರಟರೆ, ಅವರು ಮನೆ ಮುಟ್ಟುವವರೆಗೆ ನಿಮಗೆ ಅನ್ನ ಸೇರುವುದಿಲ್ಲ.

ಕಾರ್ತಿಕ ಎಲ್ಲ ರೀತಿಯಿಂದ ಹಿತ. ಈ ಸಲ ದೀಪಾವಳಿ ನವೆಂಬರ್ 8ರ ಆಸುಪಾಸು, ತುಳಸಿ ಮದುವೆ ಅದೇ ತಿಂಗಳ ಮೂರನೆಯ ವಾರ. ಮಳೆ ಹಿಂದೆ ಸರಿದಿರುತ್ತದೆ, ಹೊಳೆ ಇಳಿದಿರುತ್ತದೆ. ತೋಟದ ಮನೆಗಳಲ್ಲಿ ಕೊನೆಕೊಯ್ಲು ಬಿರುಸಾದರೆ ಯಾವ ಗೆಳತಿಯೂ ಅಂಗಳ ಬಿಟ್ಟು ಬರಲಾರಳು. ಅದಕ್ಕೆ ಮೊದಲಿನ ಎರಡು ದಿನ ಹಿಡಿದುಕೊಳ್ಳಿ. ತಿಥಿಯ ದಿನವೇ ಆಗಬೇಕೆಂಬ ಹಟ ಮಾತ್ರ ಬೇಡ.

ಈಗ ನಿಮ್ಮ ಯಜಮಾನರ ಮಾತು. ಅದರಲ್ಲಿ ಕೆಟ್ಟ ಉದ್ದೇಶವಿಲ್ಲ, ನಮ್ಮ ಸಂಪ್ರದಾಯವೇ ಹಾಗಿದೆ. ಅರವತ್ತಕ್ಕೆ ಕಾಲಿಟ್ಟರೆ ಉಗ್ರರಥ ಶಾಂತಿ, ಅರವತ್ತು ತುಂಬಿದರೆ ಷಷ್ಟ್ಯಬ್ದಪೂರ್ತಿ, ಎಪ್ಪತ್ತಕ್ಕೆ ಭೀಮರಥ ಶಾಂತಿ, ಎಂಬತ್ತು ದಾಟಿ ಸಾವಿರ ಹುಣ್ಣಿಮೆ ಕಂಡವರಿಗೆ ಸಹಸ್ರಚಂದ್ರದರ್ಶನ. ರೂಢಿಯಲ್ಲಿ ಈ ಲೆಕ್ಕವೆಲ್ಲ ಗಂಡನ ವಯಸ್ಸಿನದು. ಹೆಂಡತಿ ಪಕ್ಕದ ಮಣೆಯ ಮೇಲೆ ಕೂರುತ್ತಾಳೆ, ಕಲಶದ ನೀರು ಅವಳ ತಲೆಯ ಮೇಲೂ ಬೀಳುತ್ತದೆ, ಎದ್ದವಳೇ ಬಡಿಸುವುದು ಸರಿಯಾಗುತ್ತಿದೆಯೋ ಇಲ್ಲವೋ ಎಂದು ಒಳಗೆ ಓಡುತ್ತಾಳೆ. ಅವಳಿಗೆ ಅರವತ್ತು ತುಂಬುವ ವರ್ಷ ಪುರೋಹಿತರ ಡೈರಿಯಲ್ಲಿ ಇರುವುದೇ ಇಲ್ಲ. ಆ ಮುನ್ನೂರು ಜನರಲ್ಲಿ ನಿಮ್ಮ ಗೆಳತಿಯರೂ ಬಂದಿರಬಹುದು. ಅವರ ಪಕ್ಕ ಎಷ್ಟು ಹೊತ್ತು ಕೂತಿರಿ, ನೆನಪು ಮಾಡಿಕೊಳ್ಳಿ. ಯಜಮಾನರ ಮಾತಿಗೆ ಉತ್ತರ ಅಲ್ಲೇ ಸಿಗುತ್ತದೆ.

ನೀವು ಹುಟ್ಟಿದ ಪರಾಭವ, ಅರವತ್ತು ಸಂವತ್ಸರಗಳ ಸುತ್ತು ಮುಗಿಸಿ ಈ ಯುಗಾದಿಗೆ ಮತ್ತೆ ಬಂದಿದೆ. ಜಪಾನಿನವರದೂ ಇಂಥದೇ ಅರವತ್ತು ವರ್ಷಗಳ ಚಕ್ರ. ಅಲ್ಲಿ ಅರವತ್ತು ತುಂಬುವುದಕ್ಕೆ ಕಾನ್ರೆಕಿ ಎಂದು ಹೆಸರು. ಸುತ್ತು ಮುಗಿದು ಮತ್ತೆ ಮಗುವಾದಿರಿ ಎಂದು ಕೆಂಪು ಟೋಪಿ, ತೋಳಿಲ್ಲದ ಕೆಂಪು ಅಂಗಿ ತೊಡಿಸಿ ಕೂರಿಸುತ್ತಾರೆ, ಹೆಂಗಸಿಗೂ ಗಂಡಸಿಗೂ ಅವರವರ ವಯಸ್ಸಿಗೆ. ನಿಮಗೆ ಟೋಪಿ ಬೇಡ. ನಿಮ್ಮ ವರ್ಷ ನಿಮ್ಮ ಲೆಕ್ಕದಲ್ಲಿ ಬರಲಿ, ಅಷ್ಟೇ.

ಊರವರ ಮಾತಿಗೆ ನಾನು ಹೆಚ್ಚು ಜಾಗ ಕೊಡುವುದಿಲ್ಲ. ಧರ್ಮಸ್ಥಳಕ್ಕೋ ಕಾಶಿಗೋ ಏಳು ಹೆಂಗಸರು ಹೊರಟಿದ್ದರೆ ಯಾರೂ ಸೊಲ್ಲೆತ್ತುತ್ತಿರಲಿಲ್ಲ. ವಯಸ್ಸಾದ ಹಾಗೆ ಮನುಷ್ಯರು ಬಳಗವನ್ನು ತಾವಾಗಿಯೇ ಸಣ್ಣದು ಮಾಡಿಕೊಂಡು ತೀರ ಹತ್ತಿರದವರನ್ನಷ್ಟೇ ಉಳಿಸಿಕೊಳ್ಳುತ್ತಾರೆ ಎಂಬುದನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಲಾರಾ ಕಾರ್‌ಸ್ಟೆನ್ಸನ್ ಬಹಳ ವರ್ಷಗಳಿಂದ ಅಧ್ಯಯನ ಮಾಡುತ್ತ ಬಂದಿದ್ದಾರೆ. ಮುನ್ನೂರು ಜನ ಬೇಡ, ಆರು ಜನ ಸಾಕು ಎಂದು ನಿಮಗೆ ಅನ್ನಿಸುತ್ತಿರುವುದು ಸ್ವಾರ್ಥವಲ್ಲ. ಶಾಲೆ ಬಿಟ್ಟ ಮೇಲಿನ ದಿನಗಳಿಗೆ ಈ ಆರು ಜನ ಬೇಕೇ ಬೇಕು.

ಹಾಗಾದರೆ ಎಲ್ಲಿ, ಹೇಗೆ? ನೀವು ಜಾಗದಿಂದ ಶುರು ಮಾಡಿದಿರಿ, ಗೊಂದಲವಾದದ್ದು ಅದಕ್ಕೇ. ಬರಲು ಯಾರಿಗೆ ಎಲ್ಲರಿಗಿಂತ ಕಷ್ಟವೋ ಅವರಿಂದ ಶುರು ಮಾಡಿ. ಮುಂಬೈಯವರು ಎಲ್ಲಿಗೆ ಕರೆದರೂ ಬರುತ್ತಾರೆ. ಕೊಂಕಣ ರೈಲು ಹತ್ತಿ ಅಂಕೋಲೆಯಲ್ಲೋ ಕಾರವಾರದಲ್ಲೋ ಇಳಿದರಾಯಿತು. ಕಷ್ಟವಿರುವುದು ಮೂವರಿಗೆ.

ಗುಂಪಿನಲ್ಲಿ ಮೌನವಾದವರಿಗೆ ಆರು ಸಾವಿರ ಭಾರ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಬಾಯಿ ಬಿಟ್ಟು ಕೇಳಿದರೆ "ಮೈಯಲ್ಲಿ ಹುಷಾರಿಲ್ಲ" ಎಂದಾರು. ಅವರ ಪಾಲನ್ನು ಗುಟ್ಟಾಗಿ ನೀವು ಕೊಡಲು ಹೋಗಬೇಡಿ. ಗುಟ್ಟು ಹೇಗೋ ಹೊರಬೀಳುತ್ತದೆ, ಆಮೇಲೆ ಅವರು ನಿಮ್ಮ ಮನೆಗೆ ಬರುವುದನ್ನೂ ಕಡಿಮೆ ಮಾಡುತ್ತಾರೆ. ಅದರ ಬದಲು ಕರೆಯುವವರು ನೀವೇ ಆಗಿ. "ನನಗೆ ಅರವತ್ತು, ನಿಮ್ಮೆಲ್ಲರ ಊಟ ವಸತಿ ನನ್ನದು, ಉಡುಗೊರೆ ತಂದವರನ್ನು ಒಳಗೆ ಬಿಡುವುದಿಲ್ಲ" ಎಂದುಬಿಡಿ. ಆಗ ಪಾಲಿನ ಮಾತೇ ಏಳುವುದಿಲ್ಲ. ಕೈಬೀಸಿಕೊಂಡು ಬರುವುದು ನಮ್ಮ ಹೆಂಗಸರಿಗೆ ಒಗ್ಗದು. ಒಬ್ಬೊಬ್ಬರೂ ಮನೆಯಿಂದ ಒಂದೊಂದು ತಿಂಡಿ ತರಲಿ. ಯಾರದೋ ಡಬ್ಬದಲ್ಲಿ ತೊಡದೇವು, ಯಾರದೋ ಡಬ್ಬದಲ್ಲಿ ಹಲಸಿನ ಹಪ್ಪಳ ಇದ್ದೇ ಇರುತ್ತದೆ. ಎಲ್ಲರ ಖರ್ಚೂ ನಿಮ್ಮದೆಂದ ಮೇಲೆ ಗೋವಾ ತಾನಾಗಿ ಕೈಬಿಟ್ಟು ಹೋಗುತ್ತದೆ. ಇನ್ನೊಂದು ಲೆಕ್ಕವೂ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸಾರಿಗೆ ಬಸ್ಸಿನ ಪ್ರಯಾಣ ಹೆಂಗಸರಿಗೆ ಉಚಿತ. ಅಂಕೋಲಾ–ಹುಬ್ಬಳ್ಳಿ ರಸ್ತೆಯ ಯಾವ ಊರಿನಿಂದಲಾದರೂ ಅವರು ಯಾರ ಹಂಗೂ ಇಲ್ಲದೆ ಬಸ್ಸು ಹತ್ತಿ ಬರಬಹುದು. ಗೋವಾದ ಗಡಿ ದಾಟಿದರೆ ಆ ಸ್ವಾತಂತ್ರ್ಯ ಇಲ್ಲ.

ಯಜಮಾನರನ್ನು ಕಳೆದುಕೊಂಡ ಗೆಳತಿ "ನಾನ್ಯಾಕೆ" ಎಂದದ್ದು ಬರಲು ಮನಸ್ಸಿಲ್ಲದೆ ಅಲ್ಲ. ಎರಡು ವರ್ಷದಿಂದ ಅವರು ಹೋದ ಕಾರ್ಯಗಳನ್ನು ನೆನೆಸಿಕೊಳ್ಳಿ. ಅರಿಶಿನ-ಕುಂಕುಮದ ಬಟ್ಟಲು ಬಂದಾಗ ಪಕ್ಕಕ್ಕೆ ಸರಿದು ನಿಂತಿದ್ದಾರೆ, ಆರತಿಗೆ ಕರೆಯುವಾಗ ಒಳಗೆ ಕೆಲಸ ಹುಡುಕಿಕೊಂಡಿದ್ದಾರೆ. ನಿಮ್ಮದೂ ಅಂಥದ್ದೇ ಎಂಬ ಅಂಜಿಕೆ ಅವರಿಗೆ. ಅದಕ್ಕೇ ನಾನು ಹೇಳುವುದು, ಗೆಳತಿಯರ ಕೂಟದಲ್ಲಿ ಶಾಸ್ತ್ರ ಯಾವುದೂ ಬೇಡ. ಆರತಿ ಬೇಡ, ಮಡಿಲು ತುಂಬುವುದು ಬೇಡ. ಕವಳದ ಬಟ್ಟಲು ಇರಲಿ, ಅದು ಎಲ್ಲರಿಗೂ ಒಂದೇ. ಹೂ ತರುವುದಾದರೆ ಏಳು ಜನರಿಗೂ ತನ್ನಿ. ಮುಡಿಯುವುದು ಬಿಡುವುದು ಅವರವರ ಇಷ್ಟ, ಒತ್ತಾಯವೂ ಬೇಡ, ಅನುಕಂಪದ ನೋಟವೂ ಬೇಡ. ಅವರಿಗೆ ಸಮಾಧಾನ ಹೇಳಿ ಕರೆಯುವುದಕ್ಕಿಂತ ಕೆಲಸ ಹೇಳಿ ಕರೆಯುವುದು ಮೇಲು. "ಹಳೇ ಫೋಟೋ ಎಲ್ಲ ನಿನ್ನ ಹತ್ತಿರ ಇವೆ, ನೀನು ಬರದಿದ್ದರೆ ಅವೂ ಬರುವುದಿಲ್ಲ" ಎನ್ನಿ. ಅಲ್ಲಿ ತೆಗೆದ ಫೋಟೋ ಮಾತ್ರ ಎಲ್ಲರನ್ನೂ ಕೇಳದೆ ಯಾರ ಸ್ಟೇಟಸ್ಸಿಗೂ ಹೋಗಬಾರದು. ಅವರು ನಕ್ಕ ಒಂದು ಫೋಟೋ ಸಾಕು, ನೆಂಟರು ಇಡೀ ತಿಂಗಳು ಆಡಿಕೊಳ್ಳುತ್ತಾರೆ.

ಹೊಳೆಯಾಚೆಯವರ ಕಷ್ಟವೇ ನಿಜವಾಗಿ ದೊಡ್ಡದು, ಅದಕ್ಕೆ ಮದ್ದು ನಿಮ್ಮ ಮಗನ ಹತ್ತಿರ ಇದೆ. ರೆಸಾರ್ಟಿಗೆ ಸುರಿಯಲು ಹೊರಟ ಹಣದಲ್ಲಿ ಸಣ್ಣದೊಂದು ಭಾಗ ಈ ಕಡೆ ತಿರುಗಿಸಲು ಹೇಳಿ. ಎರಡು ದಿನ ಹಗಲು ರಾತ್ರಿ ಅತ್ತೆಯ ಬಳಿ ಇರಲು, ಅವರನ್ನು ಎತ್ತಿ ಮಲಗಿಸಿ ಶುಚಿ ಮಾಡಲು ಬಲ್ಲ ಒಬ್ಬ ಹೆಂಗಸು ಬೇಕು. ಆಕೆ ಒಂದು ವಾರ ಮೊದಲೇ ಬಂದು ರೂಢಿ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಮುದುಕಿ ಒಪ್ಪುವುದಿಲ್ಲ. ಗೆಳತಿಯ ಗಂಡನೊಂದಿಗೆ ನಿಮ್ಮ ಯಜಮಾನರೇ ಮಾತಾಡಲಿ. ಗಂಡಸರು ಗಂಡಸರ ಮಾತನ್ನು ಬೇಗ ಕೇಳುತ್ತಾರೆ, ಬೇಸರದ ಸಂಗತಿ, ಆದರೂ ಈಗ ಉಪಯೋಗಕ್ಕೆ ಬರುತ್ತದೆ. ಎರಡು ದಿನ ಆಗದಿದ್ದರೆ ಒಂದು ಹಗಲಾದರೂ ಅವರು ಬಂದು ಹೋಗುವಷ್ಟು ಹತ್ತಿರ ಇರಬೇಕು ನೀವು ಆರಿಸುವ ಜಾಗ.

ಈ ಮೂವರ ಅನುಕೂಲ ನೋಡಿದ ಮೇಲೆ ನಕ್ಷೆಯಲ್ಲಿ ಉಳಿಯುವುದು ಅಂಕೋಲೆ ಮತ್ತು ಯಲ್ಲಾಪುರದ ನಡುವಿನ ಯಾವುದಾದರೂ ಹೋಂ ಸ್ಟೇ, ಬಸ್ಸಿನ ದಾರಿಗೆ ಹತ್ತಿರ. ಅರವತ್ತರ ಮಂಡಿಗಳಿಗೆ ಮೆಟ್ಟಿಲು ಬೇಡ. ನೆಲಮಟ್ಟದ ಕೋಣೆ, ಕಮೋಡ್ ಇರುವ ಬಚ್ಚಲು ಇದೆಯೇ ಎಂದು ಹೋಗಿ ಕಣ್ಣಾರೆ ನೋಡಿ. ಊಟ ಅವರದೇ ಇರಲಿ. ಒಂದು ಸಂಜೆ ನದಿಬಾಗದ ಕಡಲತೀರಕ್ಕೋ ಮಾಗೋಡಿಗೋ ಹೋಗಬೇಕೆನಿಸಿದರೆ ಹೋಗಿ, ಬೇಡವೆನಿಸಿದರೆ ಜಗುಲಿಯಲ್ಲೇ ಕೂತು ಹರಟಿ. ನಿಮ್ಮ ಮನೆಯಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ. ಅಲ್ಲಿ ನೀವು ಒಲೆಯ ಮುಂದೆ, ಗೆಳತಿಯರು ನಿಮ್ಮ ಹಿಂದೆ ಹೆರೆಮಣೆ ಹಿಡಿದು. ಎರಡು ದಿನ ಹೀಗೇ ಮುಗಿದುಹೋಗುತ್ತದೆ.

ಮಗನಿಗೆ ಬೇಸರವಾಗುತ್ತದೆ ಎಂಬ ಚಿಂತೆ ಬೇಡ. ತುಳಸಿ ಮದುವೆಯ ಮರುದಿನ ಮನೆಗೇ ಬಾ, ಆಯಿ ಹೇಳಿದ ತಿಥಿಗೆ ನಾವು ನಾಲ್ಕು ಜನ ಕೂತು ಪಾಯಸ ಉಣ್ಣೋಣ ಎಂದು ಹೇಳಿ. ನೆಂಟರ ಪಟ್ಟಿಯನ್ನು ಅವನು ಇನ್ನೊಮ್ಮೆ ತೆಗೆದರೆ ಅಪ್ಪನ ಎಪ್ಪತ್ತಕ್ಕೆ ಎತ್ತಿಡಲಿ. ಯಜಮಾನರಿಗೆ ಸುತ್ತಿ ಬಳಸಿ ಹೇಳಬೇಡಿ, ಒಪ್ಪಿಗೆ ಕೇಳುವ ದನಿಯಲ್ಲೂ ಹೇಳಬೇಡಿ. "ನವೆಂಬರಿನಲ್ಲಿ ಎರಡು ದಿನ ನಾನಿರುವುದಿಲ್ಲ, ಹಾಲು ಕರೆಯುವವರಿಗೆ ಹೇಳಿಟ್ಟಿದ್ದೇನೆ" ಎನ್ನಿ. "ಅಡ್ಡಿಲ್ಲ, ಹೋಗಿ ಬಾ" ಎಂದರೆ ಸರಿ, ಎನ್ನದಿದ್ದರೂ ಹೋಗಿ ಬನ್ನಿ.

ವಾಟ್ಸಾಪಿನಲ್ಲಿ ಇನ್ನು ಈ ವಿಷಯ ಎತ್ತಬೇಡಿ, ಒಬ್ಬೊಬ್ಬರಿಗೇ ಫೋನ್ ಮಾಡಿ. ಮೊದಲ ಫೋನು ಹೊಳೆಯಾಚೆಗೆ. ಅತ್ತೆಯನ್ನು ನೋಡಿಕೊಳ್ಳುವವರು ಗೊತ್ತಾದ ಮೇಲೆಯೇ ಉಳಿದವರಿಗೆ ತಾರೀಖು ತಿಳಿಸಿ.