ಇದನ್ನು ಓದಿ ನಾಳೆ ಏನು ಮಾಡ್ತೀರಿ?

ನೋಡಮ್ಮ, ಹಾಲು ಒಕ್ಕೂಟದ ಕಂಪ್ಯೂಟರ್ ವಿಭಾಗಕ್ಕೆ ನೀನು ಆಯ್ಕೆಯಾದೆ ಅಂತ ಕೇಳಿ ಬಲು ಸಂತೋಷವಾಯಿತು. ನಿನಗೆ ಸಾಫ್ಟ್‌ವೇರ್ ಹೇಳಿಕೊಡುವಷ್ಟು ವಿದ್ಯೆ ಈ ದೊಡ್ಡಪ್ಪನಿಗಿಲ್ಲ. ಆದರೆ ಶೇಖರಣೆ ವಿಭಾಗದಲ್ಲೇ ತಲೆ ನರೆಸಿಕೊಂಡವನು ನಾನು. ನೀನು ತಯಾರಿಸುವ ವರದಿಯನ್ನು ಯಾರು ಓದುತ್ತಾರೆ, ಓದಿ ಏನು ಮಾಡುತ್ತಾರೆ ಅನ್ನುವುದು ಚೆನ್ನಾಗಿ ಗೊತ್ತು. ಅಷ್ಟನ್ನು ಮಾತ್ರ ಕಿವಿಗೆ ಹಾಕಿಕೋ.

ನಿನ್ನ ಪಠ್ಯಪುಸ್ತಕದಲ್ಲಿ ಪಿರಮಿಡ್ ಬರೆದು ಕೆಳಗೆ ದಿನನಿತ್ಯದ ವ್ಯವಹಾರ, ನಡುವೆ ಮೇಲ್ವಿಚಾರಣೆ, ತುದಿಯಲ್ಲಿ ದೂರದ ಯೋಜನೆ ಅಂತ ಗುರುತು ಮಾಡಿರುತ್ತಾರಲ್ಲ, ನಮ್ಮಲ್ಲಿ ಅವಕ್ಕೆ ಊರಿನ ಸಂಘ, ಒಕ್ಕೂಟ, ಬೆಂಗಳೂರಿನ ಮಹಾಮಂಡಳಿ ಅಂತ ಹೆಸರು. ಹಾಲು ಒಂದೇ, ಕೇಳುವ ಪ್ರಶ್ನೆ ಮಾತ್ರ ಮೂರು ಕಡೆ ಮೂರು ಬಗೆ.

ಮೊದಲು ಸಂಘ. ಬೆಳಗಿನ ಜಾವ ಡೇರಿ ಮುಂದೆ ಕ್ಯಾನು ಹಿಡಿದವರ ಸಾಲು ನಿಂತಿರುತ್ತದೆ. ಒಬ್ಬಾಕೆ ಹಾಲು ಸುರಿಯುತ್ತಾಳೆ, ಯಂತ್ರ ಅಳೆಯುತ್ತದೆ, ಚೀಟಿ ಹೊರಬರುತ್ತದೆ: ಸದಸ್ಯರ ಸಂಖ್ಯೆ, 4.6 ಲೀಟರ್, ಫ್ಯಾಟು 3.9, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) 8.5, ದರ, ಮೊತ್ತ. ಅವಳ ಕಣ್ಣು ನೇರ ಫ್ಯಾಟಿನ ಮೇಲೆ. ನಿನ್ನೆಗಿಂತ ಎರಡು ಪಾಯಿಂಟು ಕಡಿಮೆಯಾಗಿದ್ದರೆ ಅಲ್ಲೇ ನಿಂತು ಜಗಳ ತೆಗೆಯುತ್ತಾಳೆ, ತೆಗೆಯಲೇಬೇಕು, ಬಟವಾಡೆ ದಿನ ಕೈಗೆ ಬರುವ ದುಡ್ಡು ಅದರ ಮೇಲೇ ನಿಂತಿದೆ. ಇಲ್ಲಿ ನಿನ್ನ ವ್ಯವಸ್ಥೆಗೆ ಎರಡೇ ಗುಣ ಬೇಕು: ತಪ್ಪಬಾರದು, ತಡವಾಗಬಾರದು. ಕರೆಂಟು ಹೋದರೆ, ನೆಟ್‌ವರ್ಕ್ ಸಿಗದಿದ್ದರೆ ಚೀಟಿ ಹೇಗೆ ಬರುತ್ತದೆ ಅನ್ನುವುದನ್ನು ಮೊದಲು ಯೋಚಿಸು. ಮೇಲಿನವರಿಗೆ ಬೇಕು ಅಂತ ಇನ್ನೂ ನಾಲ್ಕು ಕಾಲಂ ತುಂಬಿಸಲು ಹೋಗಬೇಡ. ಸಾಲಿನಲ್ಲಿ ಜನ ಕಾಯುವಾಗ ಕಾರ್ಯದರ್ಶಿ ಬಾಯಿಗೆ ಬಂದ ಅಂಕಿ ತುಂಬುತ್ತಾನೆ, ಅದನ್ನೇ ನೀನು ಬಣ್ಣದ ಗ್ರಾಫು ಮಾಡಿ ತೋರಿಸುತ್ತೀಯ.

ಒಕ್ಕೂಟದ ವಿಸ್ತರಣಾಧಿಕಾರಿಗೆ ಆ ಚೀಟಿಗಳೆಲ್ಲ ಬೇಡ. ತನ್ನ ಮಾರ್ಗದ ಸಂಘಗಳಲ್ಲಿ ಇವತ್ತು ಯಾವುದರ ಬಾಗಿಲು ತಟ್ಟಬೇಕು ಅನ್ನುವುದಷ್ಟೇ ಅವರ ಚಿಂತೆ. ಮಾರ್ಗದ ಎಲ್ಲ ಸಂಘಗಳಲ್ಲೂ ಫ್ಯಾಟು ಸ್ವಲ್ಪ ಇಳಿದಿದೆ ಅಂತಿಟ್ಟುಕೋ. ಮಳೆ ಬಿದ್ದು ಹಸಿಮೇವು ಬಂದಿರುತ್ತದೆ, ಗಾಬರಿ ಬೇಕಿಲ್ಲ. ಅಕ್ಕಪಕ್ಕದ ಸಂಘಗಳು ಇದ್ದಂತೇ ಇದ್ದು ಒಂದೇ ಸಂಘದಲ್ಲಿ ಇಳಿದಿದ್ದರೆ ಯಂತ್ರ ನೋಡಬೇಕು. ಫ್ಯಾಟಿನ ಜೊತೆ ಎಸ್‌ಎನ್‌ಎಫ್ ಕೂಡ ಕುಸಿದಿದ್ದರೆ ನೀರಿನ ಅನುಮಾನ. ಸಂಘ ಬರೆದುಕೊಂಡ ಲೀಟರಿನಲ್ಲಿ ಸ್ಥಳೀಯ ಮಾರಾಟ ಕಳೆದು, ಮುಖ್ಯ ಡೇರಿಯಲ್ಲಿ ಇಳಿದ ಲೀಟರಿಗೆ ತಾಳೆ ನೋಡುವುದೂ ಇಲ್ಲಿಯದೇ ಕೆಲಸ. ಹಾಗಾಗಿ ಇವರಿಗೆ ನೂರು ಪುಟದ ಪಟ್ಟಿ ಕೊಡಬೇಡ, ದಾರಿ ತಪ್ಪಿದ ಸಂಘಗಳ ಹೆಸರು ಮಾತ್ರ ಮೇಲೆ ಬರಲಿ. ಸರಾಸರಿಯನ್ನು ಕಣ್ಣುಮುಚ್ಚಿ ನಂಬಲೂಬೇಡ. ಸಂಘದ ಸರಾಸರಿ 3.9 ಅಂದರೆ ಒಬ್ಬರದು 3 ಇರಬಹುದು, ಇನ್ನೊಬ್ಬರದು 4.8.

ಇನ್ನು ಮಹಾಮಂಡಳಿ. 2024ರ ಜೂನ್ ನೆನಪಿದೆಯಾ? ರಾಜ್ಯದ ಶೇಖರಣೆ ದಿನಕ್ಕೆ ಒಂದು ಕೋಟಿ ಲೀಟರಿನ ಹತ್ತಿರ ಬಂದಿತ್ತು. ಆಗ ನಂದಿನಿ ಪ್ಯಾಕೆಟ್ಟಿಗೆ 50 ಮಿಲಿಲೀಟರ್ ಹೆಚ್ಚಿಗೆ ತುಂಬಿ, ಬೆಲೆ 2 ರೂಪಾಯಿ ಏರಿಸಿದರು. 2025ರ ಏಪ್ರಿಲ್‌ನಲ್ಲಿ ಆ ಹೆಚ್ಚುವರಿಯನ್ನು ತೆಗೆದು ಲೀಟರಿಗೆ 4 ರೂಪಾಯಿ ಜಾಸ್ತಿ ಮಾಡಿದರು. ಅದು ಸರಿಯೋ ತಪ್ಪೋ, ಆ ವಾದ ಬೇರೆ. ಅಂಥ ತೀರ್ಮಾನಕ್ಕೆ ಏನೇನು ಗೊತ್ತಿರಬೇಕು ಅನ್ನುವುದನ್ನು ನೋಡು. ಮುಂದಿನ ತಿಂಗಳುಗಳಲ್ಲಿ ಹಾಲು ಇನ್ನೆಷ್ಟು ಏರಬಹುದು? ಮಾರಾಟವಾಗದೆ ಉಳಿದದ್ದನ್ನು ಪುಡಿ, ಬೆಣ್ಣೆ ಮಾಡಿದರೆ ದಾಸ್ತಾನು ಎಷ್ಟಾಗುತ್ತದೆ, ಹುಟ್ಟುವಳಿ ಎಷ್ಟು? ದರ ಏರಿಸಿದರೆ ಗಿರಾಕಿ ಉಳಿಯುತ್ತಾರಾ? ಇಂದಿನ ಚೀಟಿಯಿಂದ ಇದಕ್ಕೆ ಉತ್ತರ ಸಿಗದು. ಹಲವು ವರ್ಷಗಳ ಹಂಗಾಮಿನ ಲೆಕ್ಕ ಬೇಕು, ಹೊರಗಿನ ಮಾರುಕಟ್ಟೆಯ ಸುದ್ದಿಯೂ ಬೇಕು. ಕೊನೆಗೂ ಅದು ಅಂದಾಜೇ. ಅಂದಾಜನ್ನು ಅಂದಾಜು ಅಂತಲೇ ಬರೆದು ಕೊಡು. ದಶಾಂಶ ಬಿಂದುವಿನ ಮುಂದೆ ಎರಡು ಸೊನ್ನೆ ಇಟ್ಟ ಮಾತ್ರಕ್ಕೆ ಅದು ನಿಜವಾಗುವುದಿಲ್ಲ.

ಮೇಲೆ ಕೂತವರಿಗೆ ಎಲ್ಲವನ್ನೂ ಒಂದೇ ಪರದೆಯಲ್ಲಿ ನೋಡುವ ಆಸೆ ಇರುತ್ತದೆ. ಊರೂರಿನ ಫ್ಯಾಟು ಅಲ್ಲಿ ಕಾಣಿಸಿದರೆ ವಿಸ್ತರಣಾಧಿಕಾರಿಯ ಕೆಲಸವನ್ನೂ ಅವರೇ ಮಾಡಲು ಹೊರಡುತ್ತಾರೆ, ಮೇಲಿನ ಕೆಲಸಕ್ಕೆ ಯಾರೂ ಉಳಿಯುವುದಿಲ್ಲ. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಯಾವುದೋ ಒಂದು ಅಂಕಿಯನ್ನು ಗುರಿ ಮಾಡಿ, ಮುಟ್ಟದವರಿಗೆ ನೋಟಿಸು ಕೊಡಲು ಶುರು ಮಾಡಿದರೆ ಕೆಳಗಿನವರು ಹಾಲಿನ ಬದಲು ಅಂಕಿಯನ್ನೇ ಕರೆಯುತ್ತಾರೆ. ಆಮೇಲೆ ನಿನ್ನ ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿರುತ್ತದೆ, ಟ್ಯಾಂಕರಿನಲ್ಲಿ ಇರುವುದಿಲ್ಲ.

ಆದ್ದರಿಂದ ಸೇರಿದ ಮೊದಲ ತಿಂಗಳಲ್ಲೇ ಯಾವುದಾದರೂ ಮಾರ್ಗದ ವಿಸ್ತರಣಾಧಿಕಾರಿಯ ಜೊತೆ ಬೆಳಗ್ಗೆ ಒಂದು ಸಂಘಕ್ಕೆ ಹೋಗಿ, ಸಾಲು ಮುಗಿಯುವ ತನಕ ನಿಂತು ನೋಡು. ಯಾರೇ ಹೊಸ ವರದಿ ಬೇಕು ಅಂದರೂ ವಿನಯದಿಂದಲೇ ಒಂದು ಮಾತು ಕೇಳು: 'ಇದನ್ನು ಓದಿ ನಾಳೆ ಏನು ಮಾಡ್ತೀರಿ ಸಾರ್?' ಉತ್ತರ ಬಂದರೆ ರಾತ್ರಿ ಕೂತಾದರೂ ಮಾಡಿಕೊಡು. ಬರದಿದ್ದರೆ, ಈಗಾಗಲೇ ನಡೆಯುತ್ತಿರುವ ವರದಿಗಳಲ್ಲಿ ಅಂಥವು ಎಷ್ಟಿವೆ ಅಂತ ಪಟ್ಟಿ ಮಾಡಿ, ನಿಲ್ಲಿಸಲು ಒಪ್ಪಿಗೆ ಪಡೆ. ಅದಕ್ಕೆ ಯಾರೂ ನಿನ್ನನ್ನು ಹೊಗಳಲಿಕ್ಕಿಲ್ಲ, ಆದರೆ ಸಂಘದ ಕಾರ್ಯದರ್ಶಿಗೆ ಬೆಳಗ್ಗೆ ಅರ್ಧ ಗಂಟೆ ಉಳಿಯುತ್ತದೆ.