ಬ್ರೇಕ್ ಆಯಿಲ್ ಡಬ್ಬಿ ಮನೆಯಲ್ಲೇ ಬದಲಿಸುವವರಿಗೆ ಎಂಟು ಸೂತ್ರ

ಬಾನೆಟ್ ಎತ್ತಿದರೆ ಡ್ರೈವರ್ ಕಡೆ, ಹಿಂಬದಿಯಲ್ಲಿ ಹಾಲುಬಣ್ಣದ ಪ್ಲಾಸ್ಟಿಕ್ ಡಬ್ಬಿ ಕಾಣುತ್ತದಲ್ಲ, ಅದೇ. ವರ್ಷಗಟ್ಟಲೆ ಇಂಜಿನ್ ಬಿಸಿ ಉಂಡು ಹಳದಿಯಾಗುತ್ತದೆ, ಪೆಡಸಾಗುತ್ತದೆ, ಕೊನೆಗೆ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಕಳಚಿ ಹೊಸದು ಕೂರಿಸುವುದು ಕಷ್ಟವೇನಲ್ಲ. ಕೆಲಸ ಕೆಡುವುದು ಕೊಳೆಯಿಂದ ಮತ್ತು ಗಾಳಿಯಿಂದ.

1. ಸೋರುತ್ತಿರುವುದು ಡಬ್ಬಿಯೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಬ್ರೇಕ್ ಪ್ಯಾಡ್ ಸವೆದಂತೆಲ್ಲ ಆಯಿಲ್ ಮಟ್ಟ ತಾನಾಗಿ ಸ್ವಲ್ಪ ಇಳಿಯುತ್ತದೆ, ಅದು ಸೋರಿಕೆಯಲ್ಲ. ಎಲ್ಲವನ್ನೂ ಒಣಬಟ್ಟೆಯಲ್ಲಿ ಒರೆಸಿ, ಒಂದು ರಾತ್ರಿ ಬಿಟ್ಟು ನೋಡಿ. ತೇವ ಬುಡದ ರಬ್ಬರಿನಲ್ಲಿದ್ದರೆ ಹೋಗಿರುವುದು ರಬ್ಬರ್. ಮಾಸ್ಟರ್ ಸಿಲಿಂಡರ್ ಬೂಸ್ಟರಿಗೆ ಕೂಡುವ ಜಾಗದಲ್ಲಿದ್ದರೆ ಹೋಗಿರುವುದು ಸಿಲಿಂಡರ್. ಅದು ಬೇರೆಯೇ ಕೆಲಸ, ಮೆಕ್ಯಾನಿಕ್‌ಗೆ ಬಿಡಿ.

2. ಬಿರುಕಿಗೆ ಎಂ-ಸೀಲ್ ಮೆತ್ತಬೇಡಿ. ಬಕೆಟ್ಟಿಗೆ ಸರಿ, ಬ್ರೇಕಿಗಲ್ಲ.

3. ಅಂಗಡಿಗೆ ಹೋಗುವಾಗ ಗಾಡಿಯ ಮಾಡೆಲ್, ತಯಾರಾದ ವರ್ಷ, ಎಬಿಎಸ್ ಇದೆಯೋ ಇಲ್ಲವೋ ಬರೆದುಕೊಳ್ಳಿ; ಹಳೆಯ ಡಬ್ಬಿಯ ಫೋಟೊ ಮೊಬೈಲಿನಲ್ಲಿರಲಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದ್ದೇ ಇದೆ. ಬುಡದ ರಬ್ಬರುಗಳನ್ನೂ ಹೊಸದಾಗಿಯೇ ಕೊಳ್ಳಿ. ಅಲ್ಲಿ ಉಳಿಸಿದ ನಾಲ್ಕು ಕಾಸು ಮತ್ತೆ ಸೋರಿಹೋಗುತ್ತದೆ.

4. ಮುಚ್ಚಳದ ಮೇಲೆ ಡಾಟ್ 3 ಎಂದಿದೆಯೋ ಡಾಟ್ 4 ಎಂದಿದೆಯೋ ನೋಡಿ, ಅದನ್ನೇ ಹಾಕಿ, ಅದೂ ಸೀಲ್ ಒಡೆಯದ ಬಾಟಲಿಯಿಂದ. ಈ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 4 ಹೊಸದಿದ್ದಾಗ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಚಾರ್ಮಾಡಿ ಇಳಿಯುವಾಗ ಬ್ರೇಕ್ ಕಾದು ಆಯಿಲ್ ಕುದಿದರೆ ಪೆಡಲ್ ಸೀದಾ ತಳಕ್ಕೆ. ಸಿಲಿಕಾನ್‌ನ ಡಾಟ್ 5 ಮಾತ್ರ ಇವುಗಳ ಜೊತೆ ಬೆರೆಸಲೇಬಾರದು.

5. ಫೆಂಡರಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ, ಆಯಿಲ್ ಬಿದ್ದರೆ ಕೂಡಲೇ ತೊಳೆಯಲು ಪಕ್ಕದಲ್ಲಿ ಒಂದು ಚೊಂಬು ನೀರಿಡಿ. ನಾಲ್ಕೇ ಹನಿ ಬಿದ್ದದ್ದನ್ನು ಆಮೇಲೆ ಒರೆಸೋಣ ಎಂದು ಬಿಟ್ಟು ಒಳಗೆ ಕಾಫಿಗೆ ಹೋಗಿದ್ದೆ. ಬರುವಷ್ಟರಲ್ಲಿ ಪೇಂಟ್ ಹಪ್ಪಳದಂತೆ ಎದ್ದಿತ್ತು.

6. ಮುಚ್ಚಳ ತೆಗೆಯುವ ಮೊದಲು ಸುತ್ತಲ ದೂಳು ಒರೆಸಿ. ಸಿರಿಂಜಿನಿಂದ ಆಯಿಲ್ ಎಳೆದು ತೆಗೆಯಿರಿ, ಸೆನ್ಸರ್ ವೈರ್ ಬಿಚ್ಚಿ, ಕ್ಲಚ್‌ಗೆ ಹೋಗುವ ಪೈಪ್ ಇದ್ದರೆ ಅದನ್ನೂ. ಪಿನ್ನೋ ಸ್ಕ್ರೂವೋ ಕಳಚಿದ ಮೇಲೆ ಡಬ್ಬಿಯನ್ನು ಅತ್ತಿತ್ತ ಮೆಲ್ಲಗೆ ಅಲುಗಿಸುತ್ತ ಮೇಲಕ್ಕೆಳೆಯಿರಿ. ಸ್ಕ್ರೂಡ್ರೈವರ್ ಹಾಕಿ ಮೀಟಿದಿರೋ, ಡಬ್ಬಿಯ ಕತ್ತು ಮುರಿದು ಸಿಲಿಂಡರಿನೊಳಗೇ ಉಳಿಯುತ್ತದೆ. ತೂತುಗಳನ್ನು ಕೂಡಲೇ ಶುಭ್ರ ಬಟ್ಟೆಯಿಂದ ಮುಚ್ಚಿ. ಹೊಸ ಡಬ್ಬಿ ಕೂತು ಆಯಿಲ್ ತುಂಬುವವರೆಗೆ ಪೆಡಲ್ ಯಾರೂ ಮುಟ್ಟಕೂಡದು. ಮಕ್ಕಳಿದ್ದರೆ ಗಾಡಿ ಬಾಗಿಲು ಲಾಕ್ ಮಾಡಿ.

7. ಹೊಸ ರಬ್ಬರಿಗೆ ಅದೇ ಬ್ರೇಕ್ ಆಯಿಲ್ ಸವರಿ, ಡಬ್ಬಿಯನ್ನು ಎರಡೂ ಕೈಯಿಂದ ನೇರ ಒತ್ತಿ ಕೂರಿಸಿ. ಗ್ರೀಸ್, ಇಂಜಿನ್ ಆಯಿಲ್, ಸೀಮೆಎಣ್ಣೆ ಸೋಕಿದರೆ ರಬ್ಬರ್ ಉಬ್ಬಿ ಕೆಡುತ್ತದೆ.

8. ಮ್ಯಾಕ್ಸ್ ಗೆರೆಯವರೆಗೆ ತುಂಬಿಸಿ, ಈಗ ಗಾಳಿ ತೆಗೆಯಿರಿ. ಇದಕ್ಕೆ ಇಬ್ಬರು ಬೇಕು. ಒಬ್ಬರು ಚಕ್ರದ ಹತ್ತಿರ ನಿಪ್ಪಲಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ ಕೂರುವುದು, ಇನ್ನೊಬ್ಬರು ಸೀಟಿನಲ್ಲಿ. ನಮ್ಮ ಮನೆಯಲ್ಲಿ "ಒತ್ತು", "ಹಿಡ್ಕೋ", "ಬಿಡು" ಇಷ್ಟೇ ಮಾತು. "ಹಿಡ್ಕೋ" ಅಂದಾಗ ನಿಪ್ಪಲ್ ಸಡಿಲಿಸಬೇಕು. ಅದನ್ನು ಮತ್ತೆ ಬಿಗಿ ಮಾಡದೆ "ಬಿಡು" ಅನ್ನಬಾರದು, ಅಂದರೆ ಗಾಳಿ ವಾಪಸ್ ಒಳಗೆ. ಗುಳ್ಳೆ ನಿಲ್ಲುವವರೆಗೆ ಇದೇ ಆಟ, ನಡುನಡುವೆ ಡಬ್ಬಿಗೆ ಆಯಿಲ್ ಸುರಿಯುತ್ತಿರಬೇಕು. ಯಾವ ಚಕ್ರ ಮೊದಲು ಎಂಬುದನ್ನು ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ನೋಡಿಯೇ ಮಾಡಿ. ಎಬಿಎಸ್ ಇರುವ ಕೆಲವು ಗಾಡಿಗಳಿಗೆ ಸ್ಕ್ಯಾನರ್ ಬೇಕಾಗುತ್ತದೆ.

ತೆಗೆದ ಆಯಿಲ್ ಮೋರಿಗೆ ಸುರಿಯಬೇಡಿ. ಬಾಟಲಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ. ಇಂಜಿನ್ ಚಾಲೂ ಮಾಡಿ ಪೆಡಲನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಕಾಲಿಗೆ ಗಟ್ಟಿಯಾಗಿ ಸಿಕ್ಕರೆ ಕಾಂಪೌಂಡಿನೊಳಗೇ ನಡಿಗೆಯ ವೇಗದಲ್ಲಿ ಒಂದು ಸುತ್ತು ಹಾಕಿ ನೋಡಿ. ಸ್ಪಂಜಿನಂತಿದ್ದರೆ ಅಥವಾ ಮೆಲ್ಲಗೆ ಕುಸಿಯುತ್ತಿದ್ದರೆ ಗಾಡಿಯನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗಬೇಡಿ, ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿ.