ಅಧ್ಯಯನ ಪಾಠ: ರೋಗಾಣುನಾಶಕಗಳು ಶೌಚದ ಗುಂಡಿಗೆ ಸೇರಿದ ಮೇಲೆ ಏನಾಗುತ್ತವೆ?

(ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ)

1. ಪೀಠಿಕೆ

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯು ಹೊಸನಗರ ತಾಲ್ಲೂಕನ್ನು ಹಾದು ಸಾಗರ ತಾಲ್ಲೂಕಿನ ಲಿಂಗನಮಕ್ಕಿ ಜಲಾಶಯವನ್ನು ಸೇರುತ್ತದೆ. ಮೇಲಿನ ಊರಿನ ಗುಂಡಿಯಿಂದ ಹೊರಬಿದ್ದುದು ಕೆಳಗಿನ ಊರಿನ ನೀರಿನ ಪ್ರಶ್ನೆಯೂ ಆಗುತ್ತದೆ. ಮಲೆನಾಡಿನಲ್ಲಿ ಮನೆಗಳು ತೋಟ, ಗದ್ದೆಗಳ ನಡುವೆ ಚದುರಿಕೊಂಡಿರುವುದರಿಂದ ಊರಿಗೆಲ್ಲ ಒಳಚರಂಡಿ ಹಾಕುವುದು ಸುಲಭವಲ್ಲ. ಸೆಪ್ಟಿಕ್ ಟ್ಯಾಂಕ್, ಅವಳಿ ಗುಂಡಿ, ಇಂಗುಗುಂಡಿಗಳೇ ಇಲ್ಲಿಯ ಶುದ್ಧೀಕರಣ ಘಟಕಗಳು. ಅವುಗಳಿಗೆ ಸೇರುವ ಫಿನಾಯಿಲ್, ಬ್ಲೀಚಿಂಗ್ ಪುಡಿ, ರೋಗಾಣುನಾಶಕ ಸಾಬೂನು ಮತ್ತು ಔಷಧಗಳ ಗತಿಯನ್ನು ತಿಳಿಸುವುದು ಈ ಪಾಠದ ಉದ್ದೇಶ.

2. ಶುದ್ಧಗೊಳಿಸುವವರು ಯಾರು?

ಗುಂಡಿಯ ಕೆಲಸವನ್ನು ಮಾಡುವುದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಅವು ಮಲವನ್ನು ಜೀರ್ಣಿಸಿ ಅದರ ಪ್ರಮಾಣವನ್ನು ತಗ್ಗಿಸುತ್ತವೆ. ರೋಗಾಣುನಾಶಕಕ್ಕೆ ಒಳ್ಳೆಯ ಜೀವಿ, ಕೆಟ್ಟ ಜೀವಿ ಎಂಬ ಭೇದವಿಲ್ಲ. ಅದನ್ನು ಹೆಚ್ಚಾಗಿ ಸುರಿದರೆ ಜೀರ್ಣಕ್ರಿಯೆ ಕುಂದುತ್ತದೆ, ಕರಗದ ಕೆಸರು ಇಂಗುಗುಂಡಿಗೆ ಹರಿದು ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ. ವಾಸನೆ ಹೋಗಲೆಂದು ಸುರಿದುದೇ ಮುಂದೆ ಗುಂಡಿ ಉಕ್ಕಲು ಕಾರಣವಾಗಬಹುದು.

3. ಮೂರು ಬಗೆಯ ಗತಿ

ನೀರಿನಲ್ಲಿ ಕಾಣದಾದ ರಾಸಾಯನಿಕವು ನಾಶವಾಯಿತೆಂದು ಭಾವಿಸಬಾರದು. ಅದು ಪೂರ್ಣವಾಗಿ ಒಡೆದು ನಿರುಪದ್ರವಿ ವಸ್ತುವಾಗಬಹುದು. ಬೇರೊಂದು ರಾಸಾಯನಿಕವಾಗಿ ಮಾರ್ಪಡಬಹುದು. ಅಥವಾ ನೀರನ್ನು ಬಿಟ್ಟು ಕೆಸರಿಗೆ ಅಂಟಿಕೊಳ್ಳಬಹುದು.

ಬ್ಲೀಚಿಂಗ್ ಪುಡಿ: ಇದರ ಕ್ಲೋರಿನ್ ಮಲ, ಎಲೆ, ಕೆಸರುಗಳೊಡನೆ ಕೂಡಲೇ ವರ್ತಿಸಿ ಬೇಗನೆ ಶಕ್ತಿಗುಂದುತ್ತದೆ. ಆದರೆ ಅಷ್ಟರಲ್ಲಿ ಗುಂಡಿಯ ಸೂಕ್ಷ್ಮಜೀವಿಗಳನ್ನು ಕೊಂದಿರುತ್ತದೆ, ಕೆಲವು ಕ್ಲೋರಿನ್‌ಯುಕ್ತ ಉಪವಸ್ತುಗಳನ್ನೂ ಉಳಿಸುತ್ತದೆ.

ಫಿನಾಯಿಲ್: ಫೀನಾಲ್ ಜಾತಿಯ ವಸ್ತುಗಳು ಅಲ್ಪ ಪ್ರಮಾಣದಲ್ಲಿದ್ದರೆ, ಗಾಳಿಯಾಡುವ ಕಡೆ ಸೂಕ್ಷ್ಮಜೀವಿಗಳು ಅವನ್ನು ಆಹಾರವಾಗಿ ಬಳಸುತ್ತವೆ. ಗಾಳಿಯಿಲ್ಲದ ಟ್ಯಾಂಕಿನಲ್ಲಿ ಈ ಕ್ರಿಯೆ ಬಹು ನಿಧಾನ.

ಬೆಂಜಾಲ್ಕೋನಿಯಂ ಕ್ಲೋರೈಡ್: ನೆಲ ಒರೆಸುವ ಹಲವು ದ್ರಾವಣಗಳಲ್ಲಿ ಇದು ಇರುತ್ತದೆ. ಧನವಿದ್ಯುದಂಶವುಳ್ಳದ್ದಾದ್ದರಿಂದ ಕೆಸರಿಗೆ ಬಲವಾಗಿ ಅಂಟುತ್ತದೆ. ಆಮ್ಲಜನಕವಿದ್ದಲ್ಲಿ ಒಡೆಯುತ್ತದೆ, ಇಲ್ಲದಿದ್ದಲ್ಲಿ ಬಹುಪಾಲು ಹಾಗೆಯೇ ಉಳಿಯುತ್ತದೆ.

ಟ್ರೈಕ್ಲೊಸಾನ್: ಗಾಳಿ ಊದುವ ದೊಡ್ಡ ಘಟಕಗಳಲ್ಲಿ ಇದರ ಹೆಚ್ಚಿನ ಭಾಗ ಒಡೆಯುತ್ತದೆ. ಒಂದು ಪಾಲು ಕೆಸರನ್ನು ಸೇರುತ್ತದೆ. ಅಲ್ಪಭಾಗವು ಮೀಥೈಲ್ ಟ್ರೈಕ್ಲೊಸಾನ್ ಆಗಿ ಮಾರ್ಪಡುತ್ತದೆ. ಅದು ಇನ್ನೂ ಹೆಚ್ಚು ಕಾಲ ಬಾಳಿ ಮೀನಿನ ಕೊಬ್ಬಿನಲ್ಲಿ ಸೇರಬಲ್ಲದು. ಕಾವೇರಿ, ವೆಲ್ಲಾರು ಮತ್ತು ತಾಮ್ರಪರ್ಣಿ ನದಿಗಳಲ್ಲಿ ಟ್ರೈಕ್ಲೊಸಾನ್ ಕಂಡುಬಂದುದನ್ನು 2011ರಲ್ಲಿ ಪ್ರಕಟವಾದ ಅಧ್ಯಯನವು ದಾಖಲಿಸಿದೆ. ಸಾಮಾನ್ಯ ಸಾಬೂನು ಮತ್ತು ನೀರಿಗಿಂತ ಇವು ಮೇಲೆಂಬುದನ್ನು ತಯಾರಕರು ಸಿದ್ಧಪಡಿಸದ ಕಾರಣ ಅಮೆರಿಕವು 2016ರಲ್ಲಿ ಟ್ರೈಕ್ಲೊಸಾನ್ ಸೇರಿ 19 ವಸ್ತುಗಳನ್ನು ಜನಬಳಕೆಯ ಕೈತೊಳೆಯುವ ಮತ್ತು ಸ್ನಾನದ ರೋಗಾಣುನಾಶಕ ಸಾಬೂನುಗಳಿಂದ ಹೊರಗಿಟ್ಟಿತು.

ಪ್ರತಿಜೀವಕ ಔಷಧಗಳು: ಅಮಾಕ್ಸಿಸಿಲಿನ್ ಕೊಳಚೆ ನೀರಿನಲ್ಲಿ ಬೇಗ ಒಡೆಯುತ್ತದೆ. ಸಿಪ್ರೊಫ್ಲಾಕ್ಸಸಿನ್ ಕೆಸರಿಗೆ ಅಂಟಿ ದೀರ್ಘಕಾಲ ಉಳಿಯುತ್ತದೆ. ಔಷಧದ ಅಂಶವು ಸದಾ ಇರುವ ಕಡೆ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳೇ ಉಳಿದು ಬೆಳೆಯುತ್ತವೆ. ನಾಳೆ ರೋಗಿಗೆ ಅದೇ ಔಷಧ ನಾಟದಿರುವ ಅಪಾಯ ಇದರಲ್ಲಿದೆ.

4. ಮಲೆನಾಡಿನ ವಿಶೇಷ

ಮಳೆಗಾಲದಲ್ಲಿ ಇಲ್ಲಿ ಬಾವಿಯ ನೀರು ನೆಲಮಟ್ಟಕ್ಕೆ ಸಮೀಪಿಸುತ್ತದೆ. ಆಗ ಗುಂಡಿಯ ತಳವೇ ಅಂತರ್ಜಲದಲ್ಲಿ ಮುಳುಗಿ, ಮಣ್ಣು ಸೋಸುವ ಅವಕಾಶ ತಪ್ಪುತ್ತದೆ. ಜಂಬಿಟ್ಟಿಗೆ ಕಲ್ಲಿನ ಬಿರುಕುಗಳಲ್ಲಿ ಕೊಳಚೆ ಬೇಗನೆ ಸಾಗುತ್ತದೆ. ಇನ್ನು, ಟ್ಯಾಂಕಿನಿಂದ ತೆಗೆದ ಹಸಿ ಕೆಸರನ್ನು ಅಡಿಕೆ ತೋಟಕ್ಕೋ ಹಳ್ಳಕ್ಕೋ ಬಿಟ್ಟರೆ, ನೀರನ್ನು ಬಿಟ್ಟು ಕೆಸರಿಗೆ ಸೇರಿದ್ದ ರಾಸಾಯನಿಕವು ರೋಗಾಣುಗಳೊಡನೆ ಮತ್ತೆ ಮಣ್ಣಿಗೂ ನೀರಿಗೂ ಬರುತ್ತದೆ.

ಇದಕ್ಕೆ ದಾರಿಯುಂಟು. ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾದ ಮಲತ್ಯಾಜ್ಯ ಸಂಸ್ಕರಣಾ ಘಟಕದಲ್ಲಿ ಕೆಸರನ್ನು ಮೊದಲು ಟ್ಯಾಂಕಿನಲ್ಲಿ ಕಳಿಯಿಸಿ, ಬಳಿಕ ಒಣಗುಹಾಸಿನ ಮೇಲೆ ಹರಡಿ ಒಣಗಿಸಲಾಗುತ್ತದೆ. ಒಣಗಿದ ಕೆಸರನ್ನು ಹಸಿಕಸದೊಡನೆ ಸೇರಿಸಿ ಬಿಸಿಯೇರುವಂತೆ ಗೊಬ್ಬರ ಮಾಡಿದರೆ ಗಾಳಿ ಮತ್ತು ಶಾಖಗಳಿಂದ ರೋಗಾಣುಗಳು ಸಾಯುತ್ತವೆ, ಹಲವು ರಾಸಾಯನಿಕಗಳೂ ಕ್ರಮೇಣ ಕಡಿಮೆಯಾಗುತ್ತವೆ.

5. ಗ್ರಾಮ ಪಂಚಾಯಿತಿಗಳು ಕೈಗೊಳ್ಳಬಹುದಾದ ಕ್ರಮಗಳು

ಅ) ಶೌಚಾಲಯದ ಬಟ್ಟಲನ್ನು ಬ್ರಷ್, ನೀರು ಮತ್ತು ಸ್ವಲ್ಪ ಸಾಬೂನಿನಿಂದ ತೊಳೆಯುವಂತೆ ತಿಳಿವಳಿಕೆ ನೀಡುವುದು. ಶಾಲೆ, ಅಂಗನವಾಡಿಗಳಿಗೆ ಖರೀದಿಸುವ ಫಿನಾಯಿಲ್‌ನ ಪ್ರಮಾಣವನ್ನು ಪರಿಶೀಲಿಸುವುದು.

ಆ) ಬ್ಲೀಚಿಂಗ್ ಪುಡಿಯನ್ನು ಗುಂಡಿಗೆ ಸುರಿಯದಿರುವುದು. ಆದರೆ ಕುಡಿಯುವ ನೀರಿನ ಕ್ಲೋರಿನೀಕರಣವನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು. ಬಾವಿಯ 1000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಉತ್ತಮ ಬ್ಲೀಚಿಂಗ್ ಪುಡಿ ಸಾಮಾನ್ಯ ಪ್ರಮಾಣ.

ಇ) ಅವಧಿ ಮೀರಿದ ಮಾತ್ರೆಗಳನ್ನು ಶೌಚಾಲಯಕ್ಕೆ ಹಾಕದೆ ಪ್ರತ್ಯೇಕವಾಗಿ ಸಂಗ್ರಹಿಸುವುದು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಇವನ್ನು ಗೃಹಬಳಕೆಯ ಅಪಾಯಕಾರಿ ತ್ಯಾಜ್ಯವೆಂದು ಗುರುತಿಸಿದ್ದವು.

ಈ) ಹೊಸ ಗುಂಡಿಯು ಬಾವಿಯಿಂದ ಕನಿಷ್ಠ 10 ಮೀಟರ್ ದೂರವಿರುವಂತೆ, ನೀರು ಮೇಲೇರುವ ಕಡೆ ಇನ್ನೂ ದೂರವಿರುವಂತೆ ನೋಡಿಕೊಳ್ಳುವುದು. ಅವಳಿ ಗುಂಡಿಯಲ್ಲಿ ತುಂಬಿದ ಗುಂಡಿಯನ್ನು ಒಂದೂವರೆಯಿಂದ 2 ವರ್ಷ ಮುಟ್ಟದೆ ಬಿಡುವುದು.

ಉ) ಕೆಸರು ತೆಗೆಯಲು ಯಂತ್ರವನ್ನೇ ಬಳಸುವುದು, ಟ್ಯಾಂಕಿಗೆ ಮನುಷ್ಯರನ್ನು ಇಳಿಸದಿರುವುದು. ತೆಗೆದ ಕೆಸರನ್ನು ಎಲ್ಲಿ ಖಾಲಿ ಮಾಡಲಾಯಿತೆಂಬುದನ್ನು ವಹಿಯಲ್ಲಿ ದಾಖಲಿಸುವುದು.

6. ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

ಗ್ರಾಮದಲ್ಲಿ ಬಾವಿಗೆ ಸಮೀಪವಿರುವ ಗುಂಡಿಗಳೆಷ್ಟು? ಕಳೆದ ವರ್ಷ ತೆಗೆದ ಕೆಸರು ಎಲ್ಲಿಗೆ ಹೋಯಿತು? ನೆರೆಯ ಪಂಚಾಯಿತಿಗಳೊಡನೆ ಸೇರಿ ಸಂಸ್ಕರಣಾ ಘಟಕವೊಂದನ್ನು ಹೊಂದಲು ಸಾಧ್ಯವೇ? ಈ ಮೂರು ಪ್ರಶ್ನೆಗಳಿಗೆ ಮಳೆಗಾಲಕ್ಕೆ ಮುನ್ನ ಉತ್ತರ ಕಂಡುಕೊಂಡು ನಡಾವಳಿಯಲ್ಲಿ ದಾಖಲಿಸುವುದು ಸೂಕ್ತ.